ನೀರ ದಂಡೆಯ ಪಾಠಶಾಲೆ: ಹೊಸಪೇಟೆ ಸೀಮೆಯ ಜಲಪಾಲನೆಯಲ್ಲಿ ಜನವಿದ್ಯೆ ಮತ್ತು ಮುಂದಾಳ್ತನ

ಹೊಸಪೇಟೆಯಿಂದ ಕಮಲಾಪುರದತ್ತ ಸಾಗುವ ದಾರಿಯಲ್ಲಿ ಸಿಗುವ ಮಲಪನಗುಡಿ ಹಂಪಿಯ ಯಾತ್ರಿಕರ ಕಣ್ಣಿಗೆ ಅಷ್ಟಾಗಿ ಬೀಳುವ ಊರಲ್ಲ. ಮಲ್ಲಪ್ಪನ, ಅಂದರೆ ಮಲ್ಲಿಕಾರ್ಜುನನ ಗುಡಿಯಿಂದ ಊರಿಗೆ ಈ ಹೆಸರು ಬಂದಿದೆ. ಒಂದನೆಯ ದೇವರಾಯನ ಆಳ್ವಿಕೆಗೆ ಸೇರಿದ 1412ರ ಶಾಸನ ಇಲ್ಲಿದೆ. ಊರ ಸಮೀಪದಲ್ಲಿ ಕಮಾನುಗಳುಳ್ಳ ಮೆಟ್ಟಿಲುಬಾವಿಯೊಂದಿದ್ದು, ಜನರು ಅದನ್ನು ಸೂಳೆಬಾವಿ ಎಂದು ಕರೆಯುತ್ತಾರೆ. ವಿಜಯನಗರದ ಅರಮನೆ, ದೇವಾಲಯ, ಶಿಲ್ಪಗಳನ್ನು ಕುರಿತು ಬಂದಿರುವ ಬರವಣಿಗೆಯ ರಾಶಿಯೊಡನೆ ಹೋಲಿಸಿದರೆ ಇಂಥ ಬಾವಿ, ಕಾಲುವೆ, ತೂಬುಗಳನ್ನು ಕುರಿತು ಬಂದಿರುವುದು ಕಡಿಮೆ. ಸಿ.ಟಿ.ಎಂ. ಕೊಟ್ರಯ್ಯನವರು 1995ರಲ್ಲಿ ವಿಜಯನಗರದ ನೀರಾವರಿ ಪದ್ಧತಿಯನ್ನು ಕುರಿತು ಪ್ರಕಟಿಸಿದ ಗ್ರಂಥ, ಅದರ ಬೆನ್ನಿಗೇ 1997ರಲ್ಲಿ ಬಂದ ಡಾಮಿನಿಕ್ ಡೇವಿಸನ್-ಜೆಂಕಿನ್ಸ್ ಅವರ ಅಧ್ಯಯನ, ಡರೋಜಿ ಕಣಿವೆಯ ಕೆರೆಗಳ ಬಗ್ಗೆ ಕ್ಯಾಥ್ಲೀನ್ ಮಾರಿಸನ್ ಅವರು ನಡೆಸಿದ ಸಂಶೋಧನೆ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿವೆ. ಇವೆಲ್ಲ ಮುಖ್ಯವಾಗಿ ರಚನೆಗಳ ಇತಿಹಾಸ. ಆ ರಚನೆಗಳನ್ನು ಕಾಯುವ ವಿದ್ಯೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೇಗೆ ದಾಟಿತು, ಅದು ಯಾರ ಕೈಯಲ್ಲಿತ್ತು, ಯಾವಾಗ ಆ ಕೈ ತಪ್ಪಿತು ಎಂಬ ಪ್ರಶ್ನೆಗಳು ಜಾನಪದದ ವ್ಯಾಪ್ತಿಗೆ ಸೇರುತ್ತವೆ. ಪರಿಸರ ಶಿಕ್ಷಣ, ಸಮುದಾಯ ನಾಯಕತ್ವ ಎಂಬ ಪದಗಳು ಸರ್ಕಾರದ ಯೋಜನೆಗಳಲ್ಲಿ ದಿನನಿತ್ಯ ಬಳಕೆಯಾಗುತ್ತಿರುವ ಈ ಸಂದರ್ಭದಲ್ಲಿ ಈ ಪ್ರಶ್ನೆಗಳಿಗೆ ಬರಿಯ ಪುರಾತನದ ಕುತೂಹಲಕ್ಕಿಂತ ಹೆಚ್ಚಿನ ಮಹತ್ವವಿದೆ.

ಕನ್ನಡದಲ್ಲಿ ನೀರಿನ ಅಂಚನ್ನು ಸೂಚಿಸಲು ದಡ, ದಂಡೆ, ತಡಿ, ಏರಿ ಮೊದಲಾದ ಹಲವು ಪದಗಳಿವೆ. ಹಳಗನ್ನಡದಲ್ಲಿ ‘ಕರೆ’ ಎಂದರೂ ದಡವೇ. ಇವುಗಳಲ್ಲಿ ಏರಿ ಎಂಬುದು ಮಾತ್ರ ಮನುಷ್ಯ ಕಟ್ಟಿದ ದಂಡೆ. ಉಳಿದವು ನೀರು ತಾನೇ ಮಾಡಿಕೊಂಡವು. ಹೊಸಪೇಟೆ, ಹಂಪಿ, ಕಂಪ್ಲಿಗಳ ಸೀಮೆಯಲ್ಲಿ ಈ ಎರಡೂ ಬಗೆಯ ದಂಡೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ತುಂಗಭದ್ರೆಯ ಬಂಡೆಗಲ್ಲುಗಳ ನಡುವೆಯೇ ಅಣೆಗಳಿವೆ. ಅಣೆಯ ಪಕ್ಕದಿಂದ ಹೊರಟ ಕಾಲುವೆ ಗದ್ದೆ, ಬಾಳೆತೋಟಗಳನ್ನು ದಾಟಿ ಕೆರೆಯನ್ನು ಸೇರುತ್ತದೆ. ಎಲ್ಲಿ ಹೊಳೆ ಮುಗಿಯಿತು, ಎಲ್ಲಿ ಕಟ್ಟಡ ಆರಂಭವಾಯಿತು ಎಂದು ಗೆರೆ ಎಳೆಯುವುದು ಕಷ್ಟ.

ತುರ್ತಾ, ರಾಯ, ಬಸವಣ್ಣ, ಬೆಲ್ಲ, ಕಾಳಘಟ್ಟ, ರಾಮಸಾಗರ, ಕಂಪ್ಲಿ ಎಂದು ಮುಂತಾಗಿ ಹೆಸರು ಪಡೆದ ಈ ಕಾಲುವೆಗಳನ್ನು ಒಟ್ಟಾಗಿ ವಿಜಯನಗರ ಕಾಲುವೆಗಳೆಂದು ಕರೆಯುವುದು ರೂಢಿ. ಇವುಗಳ ಅಣೆಗಳನ್ನು ಬಹುಮಟ್ಟಿಗೆ ಗಾರೆಯಿಲ್ಲದೆ, ಹೊಳೆಯಲ್ಲಿಯೇ ಬಿದ್ದಿದ್ದ ಬಂಡೆಗಳಿಗೆ ಹೊಂದುವಂತೆ ದೊಡ್ಡ ಕಲ್ಲುಗಳನ್ನು ಪೇರಿಸಿ ಕಟ್ಟಲಾಗಿತ್ತು. ನೀರನ್ನು ಪೂರ್ತಿಯಾಗಿ ತಡೆಯುವುದು ಅವುಗಳ ಉದ್ದೇಶವಲ್ಲ. ಹರಿವಿನ ಒಂದು ಪಾಲನ್ನು ಓರೆಯಾಗಿ ತಿರುಗಿಸಿ, ಉಳಿದುದನ್ನು ಮೇಲಿನಿಂದ ಹರಿಯಗೊಡುವ ಕ್ರಮವದು. ಮಹಾಪೂರ ಬಂದಾಗ ಕಲ್ಲುಗಳು ಉರುಳುತ್ತವೆ, ಇಳಿದ ಮೇಲೆ ಮತ್ತೆ ಕೂಡಿಸಬೇಕಾಗುತ್ತದೆ. ಎಂದರೆ ದುರಸ್ತಿಯೆಂಬುದು ಈ ರಚನೆಗಳಿಗೆ ಹೊರಗಿನಿಂದ ಬಂದ ಆಪತ್ತಲ್ಲ, ಅದು ಅವುಗಳ ರಚನಾಕ್ರಮದೊಳಗೇ ಸೇರಿದ ವಾರ್ಷಿಕ ಕರ್ಮ. ವರ್ಷವರ್ಷವೂ ಕೈಹಾಕಬೇಕಾದ ಕೆಲಸದಲ್ಲಿ ಕಲಿಸುವವನೂ ಕಲಿಯುವವನೂ ಒಂದೇ ನೀರಿನಲ್ಲಿ ನಿಂತಿರುತ್ತಾರೆ. ಸಿಮೆಂಟಿನ ಕಟ್ಟಡ ಐವತ್ತು ವರ್ಷ ಬಾಳುತ್ತದೆ ನಿಜ, ಆದರೆ ಐವತ್ತು ವರ್ಷ ಯಾರಿಗೂ ಏನನ್ನೂ ಕಲಿಸುವುದಿಲ್ಲ. ಈ ವ್ಯತ್ಯಾಸವನ್ನು ನೀರಾವರಿಯ ಚರಿತ್ರೆಕಾರರು ಸಾಕಷ್ಟು ಗಮನಿಸಿದಂತಿಲ್ಲ.

ನೀರಿನ ಕೆಲಸದಲ್ಲಿ ಮುಂದಾಳ್ತನವೆಂದರೆ ಏನು ಎಂಬುದಕ್ಕೆ ಈ ಸೀಮೆಯ ಅತ್ಯಂತ ಪ್ರಸಿದ್ಧ ದಾಖಲೆ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್‌ನದು. ಸುಮಾರು 1520ರಲ್ಲಿ ಅವನು ಇಲ್ಲಿಗೆ ಬಂದಾಗ ಕೃಷ್ಣದೇವರಾಯ ಎರಡು ಗುಡ್ಡಗಳ ಬಾಯಿಗೆ ಅಡ್ಡಲಾಗಿ ಭಾರಿ ಕೆರೆಯೊಂದನ್ನು ಕಟ್ಟಿಸುತ್ತಿದ್ದ. ಹೊಸಪೇಟೆಯ ನೈಋತ್ಯಕ್ಕೆ, ಸಂಡೂರು ಬೆಟ್ಟಸಾಲಿನ ಕಣಿವೆಯ ಬಾಯಲ್ಲಿರುವ ರಾಯರ ಕೆರೆಯೇ ಅದು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದುದನ್ನೂ, ಕೆಲಸವನ್ನು ನಾಯಕರ ನಡುವೆ ಹಂಚಿ ಒಬ್ಬೊಬ್ಬನನ್ನು ಒಂದೊಂದು ಭಾಗಕ್ಕೆ ಹೊಣೆಯಾಗಿಸಿದ್ದನ್ನೂ ಪಾಯಸ್ ಬರೆಯುತ್ತಾನೆ. ಏರಿ ಎರಡು ಮೂರು ಬಾರಿ ಒಡೆಯಿತು. ಆಗ ರಾಜನು ಅರವತ್ತು ಮನುಷ್ಯರನ್ನೂ ಕೆಲವು ಕುದುರೆ, ಕೋಣಗಳನ್ನೂ ಬಲಿ ಕೊಡಿಸಿದನೆಂದು ಅವನು ದಾಖಲಿಸಿದ್ದಾನೆ. ಸುಮಾರು 1535ರಲ್ಲಿ ಬರೆದ ಫೆರ್ನಾವೊ ನುನಿಜ್ ಈ ಕೆಲಸಕ್ಕೆ ಜೊವಾವೊ ದೆ ಲಾ ಪೊಂಟೆ ಎಂಬ ಪೋರ್ಚುಗೀಸ್ ಕಲ್ಲುಕಟ್ಟಡಗಾರನ ನೆರವು ಇತ್ತೆಂದು ಹೇಳುತ್ತಾನೆ. ಬಲಿಯಾದವರು ಮರಣದಂಡನೆಗೆ ಅರ್ಹರಾಗಿದ್ದ ಸೆರೆಯಾಳುಗಳೆಂಬುದೂ ಅವನ ಹೇಳಿಕೆ. ಅವನೇ ಕೊಡುವ ಇನ್ನೊಂದು ವಿವರಕ್ಕೆ ಅಷ್ಟು ಪ್ರಚಾರ ಸಿಕ್ಕಿಲ್ಲ: ಈ ನೀರಿನಿಂದ ಸಾಗುವಳಿಗೆ ಬಂದ ಭೂಮಿಯನ್ನು ರೈತರು ಹದಮಾಡಿಕೊಳ್ಳುವವರೆಗೆ, ಒಂಬತ್ತು ವರ್ಷಗಳ ಕಾಲ, ತೆರಿಗೆಯಿಲ್ಲದೆ ಬಿಡಲಾಯಿತು, ಬಳಿಕ ಹುಟ್ಟುವಳಿ ಇಪ್ಪತ್ತು ಸಾವಿರ ಪರ್ದಾವೊಗಳಿಗೆ ಏರಿತು. ಬಲಿಯ ಕಥೆಯನ್ನು ಎಲ್ಲ ಪ್ರವಾಸಿ ಮಾರ್ಗದರ್ಶಿಗಳೂ ಹೇಳುತ್ತವೆ. ಒಂಬತ್ತು ವರ್ಷಗಳ ತಾಳ್ಮೆಯ ಕಥೆಯನ್ನು ಹೇಳುವವರು ವಿರಳ. ನೆಲವೂ ನೀರೂ ಜನರೂ ಪರಸ್ಪರ ಪಳಗಲು ಕಾಲ ಬೇಕೆಂಬುದನ್ನು ಪ್ರಭುತ್ವ ಅರಿತಿತ್ತು ಎಂಬುದಕ್ಕೆ ಅದಕ್ಕಿಂತ ಉತ್ತಮ ಪುರಾವೆ ಬೇಕಿಲ್ಲ. ಹೊಳೆಯ ಮೇಲಿನ ವಲ್ಲಭಾಪುರದ ಅಣೆ 1521ರಲ್ಲಿ ಇದೇ ಅರಸನ ಕಾಲದಲ್ಲಿ ನಿರ್ಮಾಣವಾಯಿತು. ರಾಯರ ಕೆರೆಯಲ್ಲಿ ಇಂದು ಮೊದಲಿನಂತೆ ನೀರು ನಿಲ್ಲುವುದಿಲ್ಲ. ಏರಿ ಮಾತ್ರ ತನ್ನ ಗಾತ್ರವನ್ನು ಉಳಿಸಿಕೊಂಡಿದೆ.

ಬಲಿಯ ವಿಷಯವನ್ನು ಜನಪದರು ಮರೆಯಲಿಲ್ಲ ಎಂಬುದಕ್ಕೆ ‘ಕೆರೆಗೆ ಹಾರ’ ಎಂಬ ಕಥನಗೀತೆ ಸಾಕ್ಷಿ. ಅದು ರಾಯರ ಕೆರೆಯನ್ನು ಕುರಿತದ್ದಲ್ಲ. ಅದರಲ್ಲಿ ಬರುವ ಕೆರೆಯನ್ನು ಕಟ್ಟಿಸಿದವನು ಕಲ್ಲನಕೇರಿ ಮಲ್ಲನಗೌಡ. ಕಟ್ಟಿದ ಕೆರೆಗೆ ನೀರು ಬರಲಿಲ್ಲವೆಂದು ಕಿರಿಯ ಸೊಸೆ ಭಾಗೀರಥಿಯನ್ನು ಆಹುತಿ ಕೊಡುವ ಈ ಗೀತೆಯನ್ನು ತ್ಯಾಗದ ಆದರ್ಶವೆಂದು ಓದಿದವರಿದ್ದಾರೆ, ಹೆಣ್ಣಿನ ಮೇಲಿನ ಹಿಂಸೆಯೆಂದು ಓದಿದವರೂ ಇದ್ದಾರೆ. ಜಲಪಾಲನೆಯ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಕೆರೆಯ ಕೀರ್ತಿ ಗೌಡನಿಗೆ, ಬೆಲೆ ತೆರುವವಳು ಮನೆಯಲ್ಲಿ ಮಾತಾಡುವ ಹಕ್ಕು ಅತ್ಯಂತ ಕಡಿಮೆಯಿದ್ದವಳು. ಅರಮನೆಯ ದಾಖಲೆಯಲ್ಲಿ ಸೆರೆಯಾಳು, ಗೀತೆಯಲ್ಲಿ ಕಿರಿಸೊಸೆ. ಊರಿನ ಹಿತಕ್ಕೆಂದು ಕಟ್ಟಿದ ಕೆರೆಯ ಭಾರ ಯಾರ ತಲೆಯ ಮೇಲೆ ಬೀಳುತ್ತದೆ ಎಂಬ ಈ ಪ್ರಶ್ನೆಯನ್ನು ಶಾಸನಗಳು ಕೇಳುವುದಿಲ್ಲ. ಹಾಡಿಕೊಂಡು ಬಂದ ಹೆಂಗಸರು ಕೇಳಿದ್ದಾರೆ.

ಶಾಸನಗಳು ಕಲಿಸುವುದೇ ಇಲ್ಲವೆಂದಲ್ಲ. ಬುಕ್ಕರಾಯನ ಮಗ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನ ಈ ದೃಷ್ಟಿಯಿಂದ ಅಪೂರ್ವವಾದುದು. ಅದನ್ನು ಒಂದು ಪಠ್ಯಪುಸ್ತಕವೆಂದೇ ಕರೆಯಬಹುದು. ಒಳ್ಳೆಯ ಕೆರೆಗೆ ಹನ್ನೆರಡು ಸಾಧನಗಳು ಬೇಕು, ಆರು ದೋಷಗಳು ಇರಕೂಡದು ಎಂದು ಅದು ಪಟ್ಟಿ ಮಾಡುತ್ತದೆ. ಧರ್ಮಿಷ್ಠನಾದ ಅರಸ, ಜಲಶಾಸ್ತ್ರ ಬಲ್ಲ ವಿದ್ವಾಂಸ, ಗಟ್ಟಿ ಜೇಡಿಯ ನೆಲ, ಸಿಹಿನೀರಿನ ಹೊಳೆ, ಹತ್ತಿರದಲ್ಲೇ ಕಲ್ಲುಗಣಿ ಎಂದು ಮೊದಲಾಗಿ ಹೇಳುತ್ತಾ ಕೊನೆಯ ಸಾಧನವಾಗಿ ಕಟ್ಟುವ ಕಲೆಯಲ್ಲಿ ನುರಿತ ಜನರ ಗುಂಪನ್ನು ಹೆಸರಿಸುತ್ತದೆ. ಅರಸನೂ ಕೂಲಿಕಾರರೂ ಒಂದೇ ಪಟ್ಟಿಯಲ್ಲಿ ಸಾಧನಗಳಾಗಿ ಎಣಿಕೆಗೊಂಡಿರುವುದು ಗಮನಾರ್ಹ. ದೋಷಗಳಲ್ಲಿ ಮೊದಲನೆಯದು ಏರಿಯಿಂದ ನೀರು ಒಸರುವುದು. ಸವುಳು ಮಣ್ಣು, ಕೆರೆಯ ನಡುವೆ ದಿಬ್ಬ, ನೀರು ಕಡಿಮೆಯಾಗಿ ಅಚ್ಚುಕಟ್ಟು ದೊಡ್ಡದಾಗಿರುವುದು, ಅಚ್ಚುಕಟ್ಟು ಕಿರಿದಾಗಿ ನೀರು ಹೆಚ್ಚಾಗಿರುವುದು ಇವೂ ದೋಷಗಳೇ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರಬಾರದು ಎಂಬ ದೋಷವನ್ನು ಓದುವಾಗ ಮೂರು ರಾಜ್ಯಗಳಿಗೆ ನೀರುಣಿಸಬೇಕಾದ ಇಂದಿನ ತುಂಗಭದ್ರಾ ಜಲಾಶಯ ನೆನಪಾಗದೆ ಇರದು.

ಹೊಳೆಯ ಮೇಲುಗಡೆ ಹರಿಹರದ ಎರಡು ಶಾಸನಗಳು ಇನ್ನೊಂದು ಬಗೆಯ ಮುಂದಾಳ್ತನವನ್ನು ತೋರಿಸುತ್ತವೆ. ಅಲ್ಲಿನ ಬ್ರಾಹ್ಮಣರು ಹರಿದ್ರಾ ನದಿಗೆ ತಮ್ಮ ಖರ್ಚಿನಲ್ಲಿ ಕಟ್ಟೆ ಕಟ್ಟಿ, ಹರಿಹರ ದೇವರ ಭೂಮಿಯ ಮೂಲಕ ಕಾಲುವೆ ತರುವ ಬಗ್ಗೆ 1410ರಲ್ಲಿ ಒಪ್ಪಂದವಾಯಿತು. ನೀರು ಹರಿದ ಭೂಮಿಯಲ್ಲಿ ಮೂರರಲ್ಲಿ ಎರಡು ಪಾಲು ಅವರಿಗೆ, ಒಂದು ಪಾಲು ದೇವರಿಗೆ. ಕೆಲವೇ ವರ್ಷಗಳಲ್ಲಿ ಕಟ್ಟೆ ಒಡೆಯಿತು. 1424ರಲ್ಲಿ, ಇಮ್ಮಡಿ ದೇವರಾಯನ ಕಾಲದಲ್ಲಿ, ಚಾಮನೃಪನೆಂಬ ದಂಡನಾಯಕನ ನೆರವಿನಿಂದ ಅದು ಮತ್ತೆ ಎದ್ದಿತು. ಕಟ್ಟುವ ಮೊದಲೇ ಪಾಲು ನಿಗದಿಯಾಗಿತ್ತು, ದೇವರೂ ಒಬ್ಬ ಪಾಲುದಾರನಾಗಿದ್ದ. ಕಟ್ಟೆ ಕಟ್ಟಿದವರ ಹೆಸರು ಕಲ್ಲಿನ ಮೇಲೆ ಉಳಿಯಿತು. ದಿನವೂ ತೂಬಿನ ಬಳಿ ನಿಂತವರ ಹೆಸರಿಗೆ ಕಲ್ಲಿನ ಮೇಲೆ ಜಾಗವಿರಲಿಲ್ಲ.

ಆ ಹೆಸರಿಲ್ಲದವನೇ ನೀರುಗಂಟಿ. ಕನ್ನಡ ನಾಡಿನ ಬಹುಭಾಗದಲ್ಲಿ ಆಯಗಾರರ ಗುಂಪಿಗೆ ಸೇರಿದ ಈ ಸೇವಕನು ತೂಬು ತೆರೆದು ಮುಚ್ಚುವವನು, ಕಾಲುವೆಯ ನೀರನ್ನು ಹೊಲದಿಂದ ಹೊಲಕ್ಕೆ ತಿರುಗಿಸುವವನು, ಮಳೆಗಾಲದ ರಾತ್ರಿಗಳಲ್ಲಿ ಏರಿಯ ಮೇಲೆ ನಡೆದು ಕಾಯುವವನು. ಸುಗ್ಗಿಯಲ್ಲಿ ರೈತರು ಕೊಡುವ ಕಾಳೇ ಅವನ ಸಂಬಳ. ಬಹುಪಾಲು ಊರುಗಳಲ್ಲಿ ಈ ಕೆಲಸ ದಲಿತ ಮನೆತನಗಳಿಗೆ ಸೇರಿತ್ತು. ಅಚ್ಚುಕಟ್ಟಿನಲ್ಲಿ ಅವನಿಗೆ ಸ್ವಂತ ಗದ್ದೆ ಇಲ್ಲದಿರುತ್ತಿದ್ದುದರಿಂದ ಹಂಚಿಕೆಯಲ್ಲಿ ಪಕ್ಷಪಾತಕ್ಕೆ ಅವಕಾಶ ಕಡಿಮೆ ಎಂಬ ವಿವರಣೆಯನ್ನು ಅನೇಕ ಅಧ್ಯಯನಗಳು ಕೊಡುತ್ತವೆ. ಇದು ನಿಜವೇ ಆದರೂ ಇದರಲ್ಲೊಂದು ಕ್ರೂರ ವ್ಯಂಗ್ಯವಿದೆ: ಅವನ ನಿಷ್ಪಕ್ಷಪಾತಕ್ಕೆ ಅವನ ಭೂಹೀನತೆಯೇ ಆಧಾರ.

ನೀರುಗಂಟಿಯ ವಿದ್ಯೆ ಹೇಳಿಕೊಟ್ಟು ಬರುವಂಥದ್ದಲ್ಲ. ಹುಡುಗನು ತಂದೆಯ ಹಿಂದೆ ಏರಿಯ ಮೇಲೆ ನಡೆಯುತ್ತಾನೆ. ಏರಿಯ ಹಿಂಬದಿಯಲ್ಲಿ ಒಸರುವ ನೀರು ತಿಳಿಯಾಗಿದ್ದರೆ ಅವಸರವಿಲ್ಲ. ಕದಡಿ, ಮಣ್ಣಿನ ಬಣ್ಣ ತಿರುಗಿ ಬಂದರೆ ಒಳಗೆ ಏರಿ ಸವೆಯುತ್ತಿದೆ ಎಂದರ್ಥ, ಆಗ ಊರನ್ನು ಎಬ್ಬಿಸಬೇಕು. ಪೋರುಮಾಮಿಳ್ಳದ ಶಾಸನ ಸಂಸ್ಕೃತದಲ್ಲಿ ಮೊದಲ ದೋಷವೆಂದು ಹೇಳಿದ್ದನ್ನು ಈ ಹುಡುಗ ಕಾಲಿನಿಂದ, ಕಣ್ಣಿನಿಂದ ಕಲಿಯುತ್ತಾನೆ. ಇಲಿ, ಏಡಿಗಳ ಬಿಲ ಎಲ್ಲಿ ಅಪಾಯ, ಕೋಡಿಯ ಮೇಲೆ ಎಷ್ಟು ನೀರು ಹರಿದರೆ ಏರಿಗೆ ಭಾರ, ಬರದ ವರ್ಷ ಯಾವ ಗದ್ದೆಗೆ ಮೊದಲು ನೀರು ಬಿಡಬೇಕು ಎಂಬುದೆಲ್ಲ ಇದೇ ಬಗೆಯ ಪಾಠ. ಇದರಲ್ಲಿ ಗುರು, ಶಿಷ್ಯ, ಪರೀಕ್ಷೆ ಎಲ್ಲವೂ ಇವೆ. ಏರಿ ಉಳಿದರೆ ತೇರ್ಗಡೆ.

ಬಳ್ಳಾರಿ ಸೀಮೆ 1800ರಲ್ಲಿ ಬ್ರಿಟಿಷರ ವಶಕ್ಕೆ ಬಂದು, 1807ರವರೆಗೆ ಥಾಮಸ್ ಮನ್ರೋನ ಆಡಳಿತದಲ್ಲಿದ್ದಾಗ ರೈತವಾರಿ ಪದ್ಧತಿಯ ಬುನಾದಿ ಬಿದ್ದಿತು. ಸರ್ಕಾರ ಒಬ್ಬೊಬ್ಬ ರೈತನೊಡನೆ ನೇರವಾಗಿ ಲೆಕ್ಕ ಇಟ್ಟುಕೊಂಡಾಗ ಊರಿನ ಒಟ್ಟು ಹೊಣೆ ಎಂಬ ಕಲ್ಪನೆ ನಿಧಾನವಾಗಿ ಸಡಿಲವಾಯಿತು. ಕೆರೆ ಕಟ್ಟಿದವರಿಗೂ ದುರಸ್ತಿ ಮಾಡುವವರಿಗೂ ಹಿಂದಿನಿಂದ ಸಲ್ಲುತ್ತಿದ್ದ ದಶವಂದ ಇನಾಮುಗಳು ಉಳಿದವು, ಆದರೆ ಅವು ಕಡತದ ಬಾಬತ್ತುಗಳಾದವು. ಊರವರು ಕೂಡಿ ಮಾಡುತ್ತಿದ್ದ ಕೆಲಸ ಎಷ್ಟರ ಮಟ್ಟಿಗೆ ಕುಸಿಯಿತೆಂದರೆ ಮದರಾಸು ಸರ್ಕಾರ 1858ರಲ್ಲಿ ಅದಕ್ಕೆಂದೇ ಕಾಯಿದೆ ತಂದಿತು. ಏರಿ ಒಡೆಯುವ ಭಯವಿದ್ದಾಗ ದುಡಿಯುವ ವರ್ಗದ ಜನರನ್ನು ಬಲವಂತವಾಗಿ ಕರೆಯಿಸಲು ಅದು ಅಧಿಕಾರ ಕೊಟ್ಟಿತು. ರೂಢಿಯ ಕೆಲಸ ಮಾಡದವರಿಗೆ ದಂಡ ವಿಧಿಸಿತು. ರೂಢಿಯನ್ನು ಕಾನೂನಿನ ಮೂಲಕ ಬದುಕಿಸಬೇಕಾಗಿ ಬಂತೆಂದರೆ ರೂಢಿ ಆ ವೇಳೆಗಾಗಲೇ ಸೊರಗಿತ್ತೆಂದು ತಿಳಿಯಬೇಕು.

1953ರ ಅಕ್ಟೋಬರ್ 1ರಂದು ಹೊಸಪೇಟೆ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ 1963ರಿಂದ ಜಾರಿಗೆ ಬಂದು ವಂಶಪಾರಂಪರ್ಯದ ಗ್ರಾಮಸೇವೆಗಳನ್ನೆಲ್ಲ ಕೊನೆಗೊಳಿಸಿತು. ಹುಟ್ಟಿನಿಂದಲೇ ಒಬ್ಬನನ್ನು ಊರಿನ ಆಳಾಗಿಸುವ ಪದ್ಧತಿ ಹೋಗಲೇಬೇಕಿತ್ತು. ಇದರ ಬಗ್ಗೆ ಎರಡು ಮಾತಿಲ್ಲ. ಜಾನಪದ ವಿದ್ವಾಂಸರಲ್ಲಿ ಕೆಲವರು ಹಳೆಯ ವ್ಯವಸ್ಥೆಯನ್ನು ಸೊಗಸಾದ ಸಾಮರಸ್ಯವೆಂದು ಬಣ್ಣಿಸುವುದುಂಟು. ಏರಿಯ ಮೇಲೆ ರಾತ್ರಿಯೆಲ್ಲ ನೆನೆದವನ ಕಡೆಯಿಂದ ಅದು ಹಾಗೆ ಕಂಡಿರಲಾರದು. ಆದರೆ ಕಾಯಿದೆ ಬಂಧನವನ್ನು ಕಿತ್ತುಹಾಕಿದಾಗ ಅದರೊಳಗಿದ್ದ ವಿದ್ಯೆಗೆ ಇನ್ನೊಂದು ಮನೆ ಕಟ್ಟಿಕೊಡಲಿಲ್ಲ. ನೀರುಗಂಟಿಯ ಜ್ಞಾನಕ್ಕೆ ಪ್ರಮಾಣಪತ್ರವಾಗಲಿ, ಇಲಾಖೆಯಲ್ಲಿ ಹುದ್ದೆಯಾಗಲಿ ಸಿಗಲಿಲ್ಲ. ಬಿಡುಗಡೆಯೂ ನಷ್ಟವೂ ಒಂದೇ ಆದೇಶದಲ್ಲಿ ಬಂದವು. 2000ದಲ್ಲಿ ಕರ್ನಾಟಕ ನೀರಾವರಿ ಕಾಯಿದೆಗೆ ತಂದ ತಿದ್ದುಪಡಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾನೂನಿನ ಬಲ ಕೊಟ್ಟಿತು. ಅದೇ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಜಲಸಂವರ್ಧನೆ ಯೋಜನೆ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿತು. ಇವುಗಳ ಕಲ್ಪನೆಯಲ್ಲಿ ಬಳಕೆದಾರನೆಂದರೆ ಪ್ರಧಾನವಾಗಿ ಅಚ್ಚುಕಟ್ಟಿನಲ್ಲಿ ಜಮೀನಿರುವವನು. ನಲವತ್ತು ವರ್ಷಗಳ ಹಿಂದೆ ಏರಿ ಬಿಟ್ಟು ಹೋದವನ ಮಕ್ಕಳು ಆ ವ್ಯಾಖ್ಯೆಯೊಳಗೆ ಸುಲಭವಾಗಿ ಬರುವವರಲ್ಲ.

ಈ ಮಧ್ಯೆ ಹೊಳೆಯೇ ಬದಲಾಗಿತ್ತು. 1945ರಲ್ಲಿ ಅಡಿಗಲ್ಲು ಹಾಕಿದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ನೀರು ಹಿಡಿಯಿತು. 1521ರ ವಲ್ಲಭಾಪುರದ ಅಣೆ ಅದರ ಹಿನ್ನೀರಿನಲ್ಲಿ ಮುಳುಗಿತು. ರಾಯ, ಬಸವಣ್ಣ ಕಾಲುವೆಗಳಿಗೆ ನೀರು ಜಲಾಶಯದಿಂದಲೇ ಬರತೊಡಗಿತು. ಕಾಲುವೆ ಅದೇ, ಹೆಸರೂ ಅದೇ. ಆದರೆ ನೀರು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ಹೊಳೆಯ ಬಣ್ಣ ನೋಡಿ ತಿಳಿಯುವ ಅಗತ್ಯ ಹೋಯಿತು. ಅಧಿಕಾರಿಗಳ ಪ್ರಕಟಣೆ ನೋಡಿದರೆ ಸಾಕು. ಜಲಾಶಯದ ಮೂಲ ಸಾಮರ್ಥ್ಯ 133 ಟಿಎಂಸಿ ಅಡಿ. ಹೂಳು ತುಂಬಿ ಅದು ಸುಮಾರು 105.788 ಟಿಎಂಸಿ ಅಡಿಗೆ ಇಳಿಯಿತು. ಕೆರೆಯ ಹೂಳನ್ನು ಬಂಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದ ಜನಕ್ಕೆ ಈ ಹೂಳನ್ನು ಏನು ಮಾಡಬೇಕೆಂಬುದು ಕೈಗೆ ನಿಲುಕದ ಪ್ರಶ್ನೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರೆಸ್ಟ್‌ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ ದಂಡೆಯ ಊರುಗಳು ಮಾಡಬಹುದಾಗಿದ್ದುದು ಕಾಯುವುದೊಂದೇ. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ತಡೆಯನ್ನು ಇಳಿಸಿದ ತಂತ್ರಜ್ಞರ, ಕಾರ್ಮಿಕರ ಸಾಹಸ ದೊಡ್ಡದು. ಅದನ್ನು ನಾಡು ಟಿವಿಯಲ್ಲಿ ನೋಡಿತು.

ಹೊಸ ಬಗೆಯ ಕಲಿಕೆ ಇದೇ ಹೊಳೆಯ ಮೇಲುಗಡೆ ಹುಟ್ಟಿತ್ತು. 1980ರ ದಶಕದ ಮೊದಲ ಭಾಗದಲ್ಲಿ ಹರಿಹರದ ಬಳಿ ಕುಮಾರಪಟ್ಟಣದ ಕಾರ್ಖಾನೆಯ ತ್ಯಾಜ್ಯದಿಂದ ಮೀನುಗಳು ಸತ್ತು ತೇಲಿದಾಗ ನಲವಾಗಲ ಮೊದಲಾದ ದಂಡೆಯ ಹಳ್ಳಿಗಳ ಜನ ಎದ್ದು ನಿಂತರು. 1984ರಲ್ಲಿ ಆರಂಭವಾದ ಸಮಾಜ ಪರಿವರ್ತನ ಸಮುದಾಯ ಅವರ ಜೊತೆಗೂಡಿತು. ಮೀನುಗಾರ ಬಲೆಯಲ್ಲಿ ಕಂಡದ್ದನ್ನು ಪ್ರಯೋಗಾಲಯದ ಭಾಷೆಗೂ ನ್ಯಾಯಾಲಯದ ಭಾಷೆಗೂ ದಾಟಿಸುವುದು ಇಲ್ಲಿನ ನಾಯಕತ್ವದ ಕೆಲಸವಾಯಿತು. ಇದೇ ಬಳಗ 1987ರ ನವೆಂಬರ್ 14ರಂದು ಹಾವೇರಿ ಸೀಮೆಯ ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಸಸಿ ನೆಟ್ಟ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಸಿತು. ಕೈಯಿಂದ ಕಲಿಯುವ ಹಳೆಯ ಕ್ರಮ ಪ್ರತಿಭಟನೆಯ ರೂಪ ತಳೆದದ್ದು ಹೀಗೆ.

ಒಳನಾಡಿನ ಈ ಅನುಭವವನ್ನು ಕಡಲ ದಂಡೆಯ ಅನುಭವದೊಡನೆ ಇಟ್ಟು ನೋಡಲು ಇತ್ತೀಚೆಗೆ ಒಂದು ಸಂದರ್ಭ ಒದಗಿದೆ. 2024ರ ಜನವರಿ 31ರಂದು ಅಂತಾರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗು ನೆಲೆಗಳ ಪಟ್ಟಿಗೆ ಕರ್ನಾಟಕದ ಮೂರು ಹೆಸರು ಸೇರಿದವು: ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ. ಅದಕ್ಕೆ ಮೊದಲು ರಾಜ್ಯದಿಂದ ಪಟ್ಟಿಯಲ್ಲಿದ್ದುದು 2022ರಲ್ಲಿ ಸೇರಿದ ರಂಗನತಿಟ್ಟು ಒಂದೇ.

ಅಘನಾಶಿನಿ ಅಳಿವೆಯ ವಿಸ್ತಾರ 4,801 ಹೆಕ್ಟೇರು. ಆರರಿಂದ ಏಳೂವರೆ ಸಾವಿರ ಕುಟುಂಬಗಳು ಮೀನು, ಏಡಿ, ಚಿಪ್ಪುಮೀನು, ಉಪ್ಪು, ಭತ್ತಗಳ ಮೂಲಕ ಅದನ್ನು ನಂಬಿ ಬದುಕುತ್ತವೆ. ಅಲ್ಲಿನ ಗಜನಿ ಭೂಮಿಯದು ಹೊಸಪೇಟೆಯ ಅಚ್ಚುಕಟ್ಟಿನ ತದ್ವಿರುದ್ಧ ಲೆಕ್ಕ. ಇಲ್ಲಿ ನೀರನ್ನು ತರುವುದು ಸಮಸ್ಯೆ, ಅಲ್ಲಿ ಉಬ್ಬರದ ಉಪ್ಪುನೀರನ್ನು ಹೊತ್ತುಹೊತ್ತಿಗೆ ಹೊರಗಿಡುವುದು ಸಮಸ್ಯೆ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ ಕಗ್ಗ ಎಂಬ ಉಪ್ಪು ತಾಳುವ ಭತ್ತ ಬಿತ್ತುತ್ತಾರೆ. ಕೊಯ್ಲಿನ ಬಳಿಕ ಬಾಗಿಲು ತೆರೆದು ಉಬ್ಬರದ ನೀರನ್ನು ಒಳಗೆ ಬಿಟ್ಟರೆ ಅದೇ ಗದ್ದೆಯಲ್ಲಿ ಮೀನು, ಸೀಗಡಿ ಬೆಳೆಯುತ್ತವೆ. ಮಣ್ಣಿನ ಕಟ್ಟೆಗಳನ್ನು ಪ್ರತಿವರ್ಷ ಎಲ್ಲರೂ ಸೇರಿ ಸರಿಪಡಿಸಬೇಕು. ಅದರ ಅಂಚಿನ ಕಾಂಡ್ಲ ಗಿಡಗಳು ಅಲೆಯ ಹೊಡೆತವನ್ನು ತಡೆಯುತ್ತವೆ. 1970ರ ದಶಕದಲ್ಲಿ ಸರ್ಕಾರ ಗಟ್ಟಿ ಕಟ್ಟೆಗಳನ್ನು ಕಟ್ಟಿಸಿಕೊಟ್ಟಾಗ ವಾರ್ಷಿಕ ದುಡಿಮೆ ತಗ್ಗಿತು. ಮುಂದೆ ಸೀಗಡಿ ಸಾಕಣೆಯ ಗುತ್ತಿಗೆ ಬಂದು ಭತ್ತದ ಬೇಸಾಯ ಹಿಂದೆ ಸರಿಯಿತು. ತುಂಗಭದ್ರೆಯ ದಂಡೆಯ ಕಥೆಯೇ ಇದು, ಉಪ್ಪುನೀರಿನಲ್ಲಿ. ಆದರೂ ಅಲ್ಲಿ ವಿದ್ಯೆ ಪೂರ್ತಿ ಕೈಬಿಟ್ಟು ಹೋಗಲಿಲ್ಲ. 2000ದ ದಶಕದಲ್ಲಿ ತದಡಿಯಲ್ಲಿ 4,000 ಮೆಗಾವ್ಯಾಟಿನ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಅಳಿವೆಯ ಬೆಲೆ ಎಷ್ಟೆಂದು ಹೇಳಬಲ್ಲವರು ಅದನ್ನು ದಿನವೂ ತುಳಿಯುವವರೇ ಆಗಿದ್ದರು. ಇಳಿತದ ಹೊತ್ತಿನಲ್ಲಿ ಮೊಣಕಾಲು ಕೆಸರಿನಲ್ಲಿ ಚಿಪ್ಪು ಆಯುವ ಹೆಂಗಸರ ಲೆಕ್ಕ, ಎಂ.ಡಿ. ಸುಭಾಷ್‌ಚಂದ್ರನ್ ಅವರಂಥ ವಿಜ್ಞಾನಿಗಳು ನಡೆಸಿದ ಅಧ್ಯಯನ, ಊರೂರಿನ ವಿರೋಧ ಇವು ಕೂಡಿದವು. ಯೋಜನೆ ಕೈಬಿಟ್ಟುಹೋಯಿತು. ಇಲ್ಲಿ ಕಲಿಸಿದವರು ಯಾರು, ಕಲಿತವರು ಯಾರು ಎಂದು ಬೇರ್ಪಡಿಸಿ ಹೇಳಲು ಬಾರದು.

ಅಂಕಸಮುದ್ರದ ಕೆರೆ ಚಿಕ್ಕದು, 98.76 ಹೆಕ್ಟೇರು. ಹಳೆಯ ಊರಕೆರೆಯ ಜಾಲಿಮರಗಳಲ್ಲಿ ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು ಮೊದಲಾದ ಮೂವತ್ತು ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಗೂಡುಕಟ್ಟಿ ತಂಗುತ್ತವೆ. 2017ರಲ್ಲಿ ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಹಕ್ಕಿಗಳು ಘೋಷಣೆಗೆ ಮೊದಲೇ ಬಂದಿದ್ದವು, ಊರವರು ಅವನ್ನು ಇರಗೊಟ್ಟಿದ್ದರು. ಬೇಸಾಯಕ್ಕೆಂದು ಕಟ್ಟಿದ ಕೆರೆಗೆ ಹಕ್ಕಿಯಿಂದಾಗಿ ಜಾಗತಿಕ ಮನ್ನಣೆ ಬಂದಿರುವುದು ಜಲಪಾಲನೆಯ ಚರಿತ್ರೆಯಲ್ಲಿ ಒಂದು ತಿರುವು. ಕೆರೆಯಲ್ಲಿ ನೀರು ಎಷ್ಟಿರಬೇಕೆಂಬ ಹಳೆಯ ಪ್ರಶ್ನೆಗೆ ಇನ್ನು ಮುಂದೆ ಗದ್ದೆಯೊಂದೇ ಉತ್ತರ ಕೊಡಲಾರದು.

ಹಂಪಿಯ ಮಗ್ಗುಲಲ್ಲೇ ಇರುವ ಪ್ರಯೋಗ ಇನ್ನೂ ತೊಡಕಿನದು. 2015ರಲ್ಲಿ, ಜಲಾಶಯದ ಕೆಳಗಿನ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗೆ ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು; ದೇಶದಲ್ಲಿ ನೀರುನಾಯಿಗಾಗಿಯೇ ಮೀಸಲಾದ ಇಂಥ ನೆಲೆ ಇದೇ ಮೊದಲು. ಬಂಡೆಗಳ ಸಂದು, ನಡುಗಡ್ಡೆ, ಮಡುಗಳು ನೀರುನಾಯಿಗೆ ಬೇಕು. ಹಳೆಯ ಅಣೆಗಳಿರುವುದೂ ಇದೇ ಹರಿವಿನಲ್ಲಿ. ಸಿಡಿಮದ್ದು ಹಾಕಿ ಮೀನು ಹಿಡಿಯುವುದು ಇಲ್ಲಿನ ದೊಡ್ಡ ಪಿಡುಗಾಗಿತ್ತು. ಬಲೆ ಹರಿಯುವ ನೀರುನಾಯಿ ಮೀನುಗಾರನ ಎದುರಾಳಿಯೂ ಹೌದು. ಆದ್ದರಿಂದ ಇಲ್ಲಿ ಪರಿಸರ ಶಿಕ್ಷಣವೆಂದರೆ ಶಾಲಾಮಕ್ಕಳಿಗೆ ಚಿತ್ರ ತೋರಿಸುವುದಷ್ಟೇ ಆಗಲಾರದು. ಎರಡು ಬೇಟೆಗಾರರ ನಡುವಿನ ಒಪ್ಪಂದ ಆಗಬೇಕು. ಹೊಳೆಯನ್ನು ಇಲ್ಲಿ ಅತ್ಯಂತ ಹತ್ತಿರದಿಂದ ಬಲ್ಲವರು ಹರಿಗೋಲಿನವರು. ಬೆತ್ತದ ಬುಟ್ಟಿಗೆ ತೊಗಲು ಹೊದಿಸಿದ, ಹದಿನೈದು ಇಪ್ಪತ್ತು ಜನರನ್ನು ಹೊತ್ತು ಸುತ್ತುತ್ತ ಸಾಗುವ ದುಂಡು ದೋಣಿಗಳನ್ನು ಆನೆಗೊಂದಿಯ ಹಾದಿಯಲ್ಲಿ ಕಂಡು ಪಾಯಸ್ ಬೆರಗಾಗಿದ್ದ. ಐನೂರು ವರ್ಷಗಳ ಬಳಿಕವೂ ಹರಿಗೋಲು ಅದೇ ನೀರಿನಲ್ಲಿ ಸುತ್ತುತ್ತಿದೆ. ಯಾವ ಮಡುವಿನಲ್ಲಿ ಸುಳಿ, ಯಾವ ಬಂಡೆಯ ಕೆಳಗೆ ನೀರುನಾಯಿಯ ಮರಿ ಎಂಬುದನ್ನು ಹೇಳಬಲ್ಲವನು ಅದರ ಹುಟ್ಟು ಹಿಡಿದವನು.

ಸಂರಕ್ಷಣಾ ಮೀಸಲಿಗೆ ಆಧಾರವಾದುದು ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಸೇರಿಸಿದ 36ಎ ಮತ್ತು 36ಬಿ ಕಲಮುಗಳು. ಘೋಷಣೆಗೆ ಮುನ್ನ ಸ್ಥಳೀಯ ಸಮುದಾಯಗಳೊಡನೆ ಸಮಾಲೋಚಿಸಬೇಕೆಂದು ಮೊದಲನೆಯದು ಹೇಳುತ್ತದೆ. ಎರಡನೆಯದು ನಿರ್ವಹಣಾ ಸಮಿತಿಯನ್ನು ವಿವರಿಸುತ್ತದೆ: ಅರಣ್ಯ ಇಲಾಖೆಯ ಪ್ರತಿನಿಧಿ, ಮೀಸಲು ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯತಿಯಿಂದ ಒಬ್ಬರು, ವನ್ಯಜೀವಿ ಸಂರಕ್ಷಣೆಯಲ್ಲಿ ತೊಡಗಿದ ಸ್ವಯಂಸೇವಾ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳಿಂದ ಒಬ್ಬೊಬ್ಬರು. ಮೀನುಗಾರನಿಗೆ, ಅಂಬಿಗನಿಗೆ, ನೀರುಗಂಟಿಯ ಮನೆತನದವನಿಗೆ ಅವರವರ ವಿದ್ಯೆಯ ಹೆಸರಿನಲ್ಲಿ ಈ ಪಟ್ಟಿಯಲ್ಲಿ ಸ್ಥಾನವಿಲ್ಲ. ಗ್ರಾಮ ಪಂಚಾಯತಿ ತನ್ನ ಪ್ರತಿನಿಧಿಯಾಗಿ ಅವರಲ್ಲೊಬ್ಬನನ್ನು ಕಳುಹಿಸುವುದಕ್ಕೆ ಮಾತ್ರ ಕಾಯಿದೆಯಲ್ಲಿ ಯಾವ ಅಡ್ಡಿಯೂ ಇಲ್ಲ.